ಪರದೆಗೆ ಕಿವಿಯಿಲ್ಲ

"ಆ ಮಷಿನ್ ಬಂದ್ ಮಾಡ್ತೀರೋ ಇಲ್ಲೋ?!"

ಗುಲ್ನಾಜ ಗಂಟಲು ಹರಿಯುವಂತೆ ಕೂಗಿದಳು. ಏಣಿಯ ಮೇಲೆ ನಿಂತು ಗೋಡೆಗೆ ತೂತು ಕೊರೆಯುತ್ತಿದ್ದವನ ಕೈ ಗಕ್ಕನೆ ನಿಂತಿತು. ಆರನೇ, ಏಳನೇ ಎರಡೂ ತರಗತಿಯ ಐವತ್ತೆಂಟು ಮಕ್ಕಳು ಒಮ್ಮೆ ಟೀಚರನ್ನು ನೋಡಿದರು, ಒಮ್ಮೆ ಏಣಿಯನ್ನು ನೋಡಿದರು.

"ತಪ್ಪಾತ್ರಿ ಟೀಚರ್... ಈ ರೂಮಿನ್ಯಾಗ ಈಗ ಪಾಠ ಇಲ್ಲಂತ ಹೆಡ್ ಮಾಸ್ತರ್ ಹೇಳಿದ್ರು."

"ಪಾಠ ಇಲ್ಲಂದ್ರ ನಾ ಇಲ್ಲಿ ಏನು..."

ಮುಂದಿನ ಮಾತು ಬರಲೇ ಇಲ್ಲ. ಬರೀ ಗಾಳಿ ಬಂತು.

ಅವನು ಇಳಿದು ಬಂದು ತನ್ನ ನೀರಿನ ಬಾಟಲಿ ಚಾಚಿದ. ಕಣ್ಣಿನ ರೆಪ್ಪೆಯ ಮೇಲೆಲ್ಲಾ ಗೋಡೆಯ ಪುಡಿ. ಗುಲ್ನಾಜಳಿಗೆ ಸಿಟ್ಟು ಬಂದಿತ್ತು, ಗಂಟಲೂ ಉರಿಯುತ್ತಿತ್ತು. ಕೊನೆಗೆ ಗಂಟಲೇ ಗೆದ್ದಿತು. ಬಾಟಲಿ ಇಸಿದುಕೊಂಡಳು.

ಅವನ ಹೆಸರು ಶಫೀಕ. ಗದಗ-ಬೆಟಗೇರಿಯ ಒಂದು ಅಂಗಡಿಯವರ ಪರವಾಗಿ ಶಾಲೆಗಳಿಗೆ ಪ್ರೊಜೆಕ್ಟರು, ಪರದೆ ಕೂಡಿಸುವುದು ಅವನ ಕೆಲಸ.

ಇವಳು ಬೆಳ್ಳಟ್ಟಿಯ ಈ ಸರ್ಕಾರಿ ಶಾಲೆಯಲ್ಲಿ ನಾಲ್ಕು ವರ್ಷದಿಂದ ಅತಿಥಿ ಶಿಕ್ಷಕಿ. ಅತಿಥಿ ಅಂತ ಹೆಸರಷ್ಟೇ, ಉಪಚಾರ ಏನೂ ಇಲ್ಲ! ಪ್ರತಿ ಜೂನ್‌ನಲ್ಲಿ 'ಈ ವರ್ಷ ನನ್ನ ಹೆಸರು ಇದೆಯೋ ಇಲ್ಲವೋ' ಎಂದು ಎದೆ ಹಿಡಿದುಕೊಂಡು ಕಾಯಬೇಕು. ದಿನಾ ಲಕ್ಷ್ಮೇಶ್ವರದಿಂದ ನಿಂತುಕೊಂಡೇ ಬಸ್ಸಿನಲ್ಲಿ ಬರಬೇಕು. ಒಂದೇ ಕೋಣೆಯಲ್ಲಿ ಎರಡು ತರಗತಿಗೆ ಕೂಗಬೇಕು. ಸಂಜೆ ಮನೆ ಸೇರುವಷ್ಟರಲ್ಲಿ ಅಮ್ಮಿ ಮೋತಿಬಿ ಏನು ಕೇಳಿದರೂ ತಲೆ ಆಡಿಸುವಷ್ಟು ಮಾತ್ರ ಶಕ್ತಿ ಉಳಿದಿರುತ್ತಿತ್ತು.

ಈಗ ಈ ಪರದೆ ಬೇರೆ ಬಂದಿತ್ತು.

'ಗೋಡೆನೇ ಪಾಠ ಮಾಡಿದರೆ ನನ್ನನ್ನು ಯಾರು ಕೇಳ್ತಾರೆ?'

ಆದರೆ ಪರದೆಯ ಮೊದಲ ಪಾಠ ನೆಲಕಚ್ಚಿತು. ಪರದೆಯ ಜೊತೆ ಬಂದ ಮೆಮೊರಿ ಕಾರ್ಡಿನೊಳಗಿನ ದನಿ ನಾಜೂಕಾಗಿ, ಭಾರಿ ಅವಸರದಲ್ಲಿ ರಕ್ತ ಪರಿಚಲನೆ ಹೇಳಿ ಮುಗಿಸಿತು. ಮಕ್ಕಳು ಪಿಳಿಪಿಳಿ ನೋಡಿದರು. ಆಮೇಲೆ ಗುಲ್ನಾಜ ಎದ್ದಳು.

"ಹೃದಯ ಅಂದ್ರ ನಮ್ಮೂರ ಬಸ್ ಸ್ಟ್ಯಾಂಡ್ ಅನ್ಕೋರಿ. ಖಾಲಿ ಬಸ್ಸು ಮೊದಲು ಪುಪ್ಪುಸಕ್ಕ ಹೋಗಿ ಗಾಳಿ ತುಂಬ್ಕೊಂಡು ಬರ್ತೈತಿ. ಆಮ್ಯಾಲೆ ಮೈಯಂಬೋ ಊರಿಗೆಲ್ಲಾ ಹೊಂಡತೈತಿ. ತಿಳೀತೇನು?"

"ಹೂಂರಿ ಟೀಚರ್!"

ಬಾಗಿಲಲ್ಲಿ ವೈರು ಸುತ್ತುತ್ತಿದ್ದ ಶಫೀಕ ಸುತ್ತುವುದನ್ನೇ ಮರೆತು ನಿಂತಿದ್ದ.

"ಟೀಚರ್, ಒಂದು ಮಾತು ಹೇಳ್ಲೇನ್ರಿ? ಆ ಕಾರ್ಡಿನ ಪಾಠ ಬ್ಯಾಡ. ನೀವು ಹೇಳ್ರಿ, ನಾ ರೆಕಾರ್ಡ್ ಮಾಡ್ತೇನಿ. ಚಿತ್ರಾನೂ ಕೂಡಸ್ತೇನಿ. ಒಂದ ಸಲ ಹೇಳಿದ್ರ ಸಾಕು, ದಿನಾ ಒದರೂದು ತಪ್ಪತೈತಿ."

"ನಿಮಗ್ಯಾಕ ಇಷ್ಟು ಉಸಾಬರಿ?"

"ನಿಮ್ಮ ಗಂಟಲಾ ಕೇಳಾಕ ಆಗವಲ್ದು, ಅದಕ್ಕ."

ಅವಳು ಬೇರೆ ಕಡೆ ಮುಖ ಮಾಡಿದಳು. ಈ ನಾಲ್ಕು ವರ್ಷದಲ್ಲಿ ಗಂಟಲಿನ ಸುದ್ದಿ ಕೇಳಿದವನು ಇವನೊಬ್ಬನೇ!

ಆಮೇಲೆ ಶನಿವಾರ ಬಂದರೆ ಸಾಕು, ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ರೆಕಾರ್ಡಿಂಗು. ಕಿಟಕಿಯಲ್ಲಿ ಐದಾರು ಮಕ್ಕಳ ತಲೆ. ಒಳಗೆ ಇವಳ ಪಾಠ, ಅವನ ಫೋನು. ನಡುವೆ ಕೆಮ್ಮು ಬಂದರೆ ಜೇಷ್ಠಮಧುವಿನ ತುಂಡು ಮುಂದೆ ಬರುತ್ತಿತ್ತು. ಹದಿನಾರು ಪಾಠ ಮುಗಿಯುವಷ್ಟರಲ್ಲಿ ಗುಲ್ನಾಜ ಶನಿವಾರದ ದಿನ ಬೇರೆ ದುಪಟ್ಟಾ ಹಾಕಿಕೊಳ್ಳುವುದನ್ನು ಮೋತಿಬಿ ಗಮನಿಸಿದ್ದಳು. ಗಮನಿಸಿಯೂ ಬಾಯಿ ಬಿಡದೆ ಇದ್ದದ್ದು ಆ ತಾಯಿಯ ಜೀವನದಲ್ಲಿ ಅದೇ ಮೊದಲು.

ಆದರೆ ಒಂದು ಸೋಮವಾರ ಹಾಜರಿ ಕೂಗಲು ಬಾಯಿ ತೆರೆದರೆ... ದನಿಯೇ ಇಲ್ಲ!

ಗದಗಿನ ಡಾಕ್ಟರು ಗಂಟಲಲ್ಲಿ ಬೆಳಕು ಬಿಟ್ಟು ನೋಡಿದರು. "ದನಿ ಹೊಂಡೋ ಜಾಗದಾಗ ಗಂಟು ಆಗ್ಯಾವಮ್ಮ. ಎರಡು ತಿಂಗಳು ಒಂದು ಮಾತೂ ಆಡಬ್ಯಾಡ. ಪಿಸುಮಾತೂ ಬ್ಯಾಡ. ಇಲ್ಲಂದ್ರ ಆಪರೇಷನ್ನು."

ಚೀಟಿ ನೋಡಿದ ಹೆಡ್ ಮಾಸ್ತರ್ ದೇವೇಂದ್ರಪ್ಪ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಕೆಟ್ಟವರಲ್ಲ, ಸಾಕಾಗಿ ಹೋದವರು.

"ಅತಿಥಿ ಶಿಕ್ಷಕರಿಗೆ ಇಷ್ಟು ರಜಾ ಎಲ್ಲೈತಿ ಟೀಚರ್? ಮಾತಾಡದ ಟೀಚರ್‌ನ ಇಟ್ಕೊಂಡು ನಾ ಏನ್ ಮಾಡ್ಲಿ? ಬ್ಯಾರೆ ಯಾರನ್ನರ ನೋಡಬೇಕಾಗತೈತಿ..."

ಗುಲ್ನಾಜ ತಲೆ ಆಡಿಸಿ ಹೊರಬಂದಳು. ವಾದ ಮಾಡುವುದಕ್ಕೂ ದನಿ ಬೇಕಲ್ಲ!

ಎರಡು ವಾರ ಮನೆಯಲ್ಲಿ ಕೂತಳು. ಶಫೀಕನಿಂದ ದಿನಕ್ಕೊಂದೇ ಮೆಸೇಜು: 'ಆರಾಮ ಅದೀರಾ?' ಅದಕ್ಕಿಂತ ಹೆಚ್ಚು ಏನೂ ಇಲ್ಲ. ತಡೆಯಲಾಗದೆ, ತನ್ನ ಜಾಗ ಉಳಿದಿದೆಯೋ ಹೋಯಿತೋ ಕೇಳಿಬಿಡೋಣ ಎಂದು ಒಂದು ದಿನ ಬೆಳ್ಳಟ್ಟಿಯ ಬಸ್ಸು ಹತ್ತಿದಳು.

ಶಾಲೆಯ ಗೇಟು ದಾಟುತ್ತಲೇ ಕಾಲು ನಿಂತವು.

ತನ್ನದೇ ದನಿ!

"ಹೃದಯ ಅಂದ್ರ ನಮ್ಮೂರ ಬಸ್ ಸ್ಟ್ಯಾಂಡ್ ಅನ್ಕೋರಿ..."

ಕಿಟಕಿಯಿಂದ ನೋಡಿದಳು. ಅರ್ಧ ಕತ್ತಲಿನ ಕೋಣೆ, ಪರದೆಯ ಮೇಲೆ ಅವಳು. ಮುಂದೆ ಅವಳ ಮಕ್ಕಳು. ಅವಳು ದಿನಾ ನಿಲ್ಲುತ್ತಿದ್ದ ಮೂಲೆಯಲ್ಲಿ, ಲ್ಯಾಪ್‌ಟಾಪಿನ ಹಿಂದೆ, ಶಫೀಕ.

ಹಿಂದಿನಿಂದ ದೇವೇಂದ್ರಪ್ಪ ಬಂದರು. "ಬಂದ್ರೇನು ಟೀಚರ್? ಎರಡು ವಾರ ಆತು, ಇಂವನ ನಡಸಾಕತ್ತಾನ. ಪಾಠಕ್ಕೇನೂ ತೊಂದ್ರಿ ಇಲ್ಲ. ನೀವು ನಿಶ್ಚಿಂತಿ ಮನ್ಯಾಗ ಇರ್ರಿ."

ನಿಶ್ಚಿಂತೆಯಿಂದ ಮನೆಯಲ್ಲಿ ಇರಬೇಕಂತೆ!

'ಅಂದ್ರೆ ಇದಕ್ಕೇನಾ ಆ ಶನಿವಾರಗಳು? ಇದಕ್ಕೇನಾ ಜೇಷ್ಠಮಧು? ನಾನು ಎಂಥಾ ಹುಚ್ಚಿ...'

ಬಸ್ಸಿನಲ್ಲಿ ಕೂತು ಶಫೀಕನಿಗೆ ಮೆಸೇಜು ಬರೆದಳು: 'ದನಿ ತಗೊಂಡ್ರಿ, ಜಾಗಾನೂ ತಗೊಂಡ್ರಿ. ಇನ್ನ ಮೆಸೇಜ್ ಮಾಡಬ್ಯಾಡ್ರಿ.' ಫೋನು ಹೊಡೆದುಕೊಂಡಿತು. ಅವಳು ಬಂದ್ ಮಾಡಿಟ್ಟಳು. ಅಳಲೂ ಶಕ್ತಿ ಇರಲಿಲ್ಲ. ಕಿಟಕಿಗೆ ತಲೆ ಆನಿಸಿ ಸುಮ್ಮನೆ ಕಣ್ಣು ಮುಚ್ಚಿದಳು.

ಮರುದಿನ ಭಾನುವಾರ, ಬೆಳಿಗ್ಗೆ ಹತ್ತಕ್ಕೆ ಬಾಗಿಲಲ್ಲಿ ಶಫೀಕ. ಗಡ್ಡ ಬೆಳೆದಿತ್ತು, ಕಣ್ಣು ಗುಳಿ ಬಿದ್ದಿದ್ದವು.

"ಬಾ ಬೇಟಾ, ಕುಂಡ್ರು," ಎಂದಳು ಮೋತಿಬಿ. "ಅಕಿ ಮಾತಾಡಂಗಿಲ್ಲ ನೋಡು. ಡಾಕ್ಟರು ಹೇಳ್ಯಾರ ಅಂತ ಅರ್ಧ, ನಿನ್ನ ಮ್ಯಾಲಿನ ಸಿಟ್ಟಿಗೆ ಅರ್ಧ. ನಿನ್ನೆಯಿಂದ ಊಟಾನೂ ಮಾಡಿಲ್ಲ."

'ಅಮ್ಮೀ!' ಎಂದು ಗುಲ್ನಾಜ ಕಣ್ಣಲ್ಲೇ ಗದರಿದಳು. ಮೋತಿಬಿ ಚಹಾ ಮಾಡುವ ನೆಪದಲ್ಲಿ ಒಳಗೆ ಹೋದಳು.

ಶಫೀಕ ಫೋನು ಮುಂದಿಟ್ಟ. "ಸಿಟ್ಟು ಆಮ್ಯಾಲೆ ಮಾಡ್ರಿ. ಮೊದಲ ಇದನ್ನ ನೋಡ್ರಿ."

ವಿಡಿಯೊದಲ್ಲಿ ಪರದೆ ಇರಲಿಲ್ಲ, ಮಕ್ಕಳಿದ್ದರು. ಪರದೆಯ ದನಿ ಕೇಳಿತು: "ತಿಳೀತೇನು?"

"ಹೂಂರಿ ಟೀಚರ್!" ಎಂದಿತು ಇಡೀ ತರಗತಿ.

ಕೊನೆಯ ಸಾಲಿನ ಅಂಕಿತಾ ಎದ್ದು ನಿಂತಳು. "ಇಲ್ರಿ ಟೀಚರ್."

ಪಾಠ ಮುಂದಕ್ಕೆ ಹೋಯಿತು.

"ಟೀಚರ್, ನನಗ ತಿಳೀಲಿಲ್ರಿ..."

ಪಾಠ ಇನ್ನೂ ಮುಂದಕ್ಕೆ ಹೋಯಿತು. ಅಂಕಿತಾ ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಮೆಲ್ಲಗೆ ಕೂತಳು.

ಗುಲ್ನಾಜಳ ಕಣ್ಣಿಂದ ನೀರು ಇಳಿಯಿತು. ಆ ಹುಡುಗಿಗೆ ಎರಡು ಸಲ ಹೇಳಿದರೆ ಸಾಕು, ಆಮೇಲೆ ಎಲ್ಲರಿಗಿಂತ ಮುಂದೆ. ಅದು ಗೊತ್ತಿದ್ದದ್ದು ಇವಳಿಗೊಬ್ಬಳಿಗೇ.

"ಆಮ್ಯಾಲೆ ನಾ ಪಾಠ ನಿಲ್ಸಿ ಅಂಕಿತಾಗ ಹೇಳಾಕ ಹೋದ್ನಿ. ನನಗ ಬರಂಗಿಲ್ಲ ಟೀಚರ್. ನನಗ ಬಲ್ಬ್ ಬದಲು ಮಾಡಾಕ ಬರ್ತೈತಿ, ಅಷ್ಟ." ಅವನ ದನಿಯೂ ದಣಿದಿತ್ತು. "ಸರ್ ಬ್ಯಾರೆ ಟೀಚರ್‌ನ ನೋಡಾಕ ಹೊಂಟಿದ್ರು. ಎರಡು ವಾರ ನಾ ನಡಸ್ತೇನಿ, ಯಾರನ್ನೂ ತಗೋಬ್ಯಾಡ್ರಿ ಅಂತ ಕೈ ಮುಗದೆ. ಮುಂಜಾನೆ ಬೆಳ್ಳಟ್ಟಿ, ಮಧ್ಯಾಹ್ನದ ಮ್ಯಾಲೆ ಅಂಗಡಿ ಕೆಲಸ. ಬಸ್ಸಿನ್ಯಾಗ ನಿಂತಲ್ಲೇ ನಿದ್ದಿ ಮಾಡೇನಿ."

'ನನಗ್ಯಾಕ ಹೇಳಲಿಲ್ಲ?' ಅವಳು ನೋಟ್‌ಬುಕ್ಕಿನಲ್ಲಿ ಬರೆದಳು.

"ಸರ್ ಇನ್ನೂ ಹೂಂ ಅಂದಿದ್ದಿಲ್ಲ. ನಿಮಗ ಸುಳ್ಳು ಆಸೆ ಹಚ್ಚಬಾರ್ದು ಅಂತ ಸುಮ್ನಿದ್ದೆ. ನಿನ್ನೆ ನೀವು ಹೋದ ಮ್ಯಾಲೆ ಈ ವಿಡಿಯೊ ತೋರ್ಸಿದೆ. ಸರ್, ಈ ಪರದಾ ಮಾತಾಡತೈತಿ ಖರೆ, 'ಇಲ್ರಿ' ಅಂದ್ರ ಇದಕ್ಕ ಕೇಳಂಗಿಲ್ಲ, ಮಾತು ಪರದಾ ಆಡ್ಲಿ, ಕೇಳಾಕ ಟೀಚರ್ ಬೇಕು ಅಂದೆ. ಸರ್ ವಿಡಿಯೊ ಇನ್ನೊಮ್ಮೆ ನೋಡಿದ್ರು. ಆಮ್ಯಾಲೆ... ನಿಮಗ ನಾಳಿಂದ ಬರ್ರಿ ಅಂದಾರ."

ಗುಲ್ನಾಜ ಮುಖ ಮುಚ್ಚಿಕೊಂಡಳು. ಭುಜ ಅಲುಗಿದವು. ಶಫೀಕ ಏನು ಮಾಡಬೇಕೋ ತಿಳಿಯದೆ ಫೋನನ್ನೇ ಒರೆಸುತ್ತಾ ಕೂತ.

ಸೋಮವಾರ ಅದೇ ಪಾಠ. ಪರದೆಯ ಮೇಲೊಬ್ಬ ಗುಲ್ನಾಜ ಮಾತಾಡಿದಳು, ಸಾಲುಗಳ ನಡುವೆ ಇನ್ನೊಬ್ಬ ಗುಲ್ನಾಜ ನಡೆದಾಡಿದಳು.

"ತಿಳೀತೇನು?"

"ಹೂಂರಿ ಟೀಚರ್!"

"ಇಲ್ರಿ..." ಅಂಕಿತಾಳ ಸಣ್ಣ ದನಿ.

ಗುಲ್ನಾಜ ಕೈ ಎತ್ತಿದಳು. ಶಫೀಕ ಪಾಠ ನಿಲ್ಲಿಸಿದ. ಅವಳು ಅಂಕಿತಾಳ ಅಂಗೈಯನ್ನು ಅವಳದೇ ಎದೆಯ ಮೇಲಿಟ್ಟು, ಅಲ್ಲಿಂದ ಬೋರ್ಡಿಗೆ ಕರೆದೊಯ್ದು, ಬಸ್ಸಿನ ದಾರಿಯನ್ನು ಒಂದೊಂದೇ ಗೆರೆ ಎಳೆದು ತೋರಿಸಿದಳು. ಮೂರನೇ ಗೆರೆಗೇ ಹುಡುಗಿಯ ಮುಖ ಅರಳಿತು. ಬಾಗಿಲಲ್ಲಿ ನಿಂತಿದ್ದ ದೇವೇಂದ್ರಪ್ಪ ಶಿಕ್ಷಕರ ಹಾಜರಿ ಪುಸ್ತಕ ತಂದು, ಸಹಿ ಮಾಡಲು ಅವಳ ಮುಂದೆ ಹಿಡಿದರು.

ಊಟದ ಗಂಟೆಗೆ ಮಕ್ಕಳೆಲ್ಲಾ ಓಡಿದರು. ಶಫೀಕ ವೈರು ಸುತ್ತತೊಡಗಿದ. ಸುತ್ತುತ್ತಲೇ, ತಲೆ ಎತ್ತದೆ ಹೇಳಿದ.

"ಚಿತ್ರ ಕೂಡಿಸುವಾಗ ನಿಮ್ಮ ಒಂದೊಂದು ಮಾತು ನೂರು ಸಲ ಕೇಳೇನಿ. ಎಲ್ಲಾ ಮಕ್ಕಳಿಗೆ ಹೇಳಿದ್ದು. ನನಗ ಅಂತ ಒಂದು ಮಾತೂ ಅದರಾಗ ಇಲ್ಲ. ನನಗ... ನೀವು ಅಂದ್ರ ಭಾಳ ಜೀವ ಟೀಚರ್. ಈಗ ಏನೂ ಹೇಳಬ್ಯಾಡ್ರಿ. ಎರಡು ತಿಂಗಳು ಮುಗಿಯೂತನಕ ಕಾಯ್ತೇನಿ."

ಗುಲ್ನಾಜ ಸೀಮೆಸುಣ್ಣ ಎತ್ತಿಕೊಂಡು ಬೋರ್ಡಿನ ಮೇಲೆ ಬರೆದಳು.

'ನಿಮ್ಮ ಅಮ್ಮೀನ ಕರ್ಕೊಂಡು ಮನಿಗೆ ಬರ್ರಿ. ಮಾತಾಡಾಕ ನಮ್ಮ ಅಮ್ಮಿ ಅದಾಳ.'

ಅವನು ಎರಡು ಸಲ ಓದಿದ. ಕೈಯಲ್ಲಿದ್ದ ವೈರು ಜಾರಿತು.

"ಖರೇನ?... ಯಾವಾಗ ಬರೂಣ್ರಿ?"

'ಶುಕ್ರವಾರ.'

"ಇಷ್ಟು ಜಲ್ದಿ?"

ಅವಳು ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಳು.

'ದಣದೇನಿ. ಇನ್ನ ಒಬ್ಬಾಕಿನ ಆಗಂಗಿಲ್ಲ.'

ಬರೆದು ಮುಗಿಸಿ ಮಕ್ಕಳ ಬೆಂಚಿನ ಮೇಲೆ ಕೂತುಬಿಟ್ಟಳು. ಶಫೀಕ ಬಂದು ಅದೇ ಬೆಂಚಿನ ಇನ್ನೊಂದು ತುದಿಗೆ ಕೂತ.

"ನಾನೂ ದಣದೇನ್ರಿ ಟೀಚರ್," ಎಂದ. "ಶುಕ್ರವಾರ ಬರ್ತೇವಿ."