ಬೂದಿಯಿಂದ ಬಂದ ರಾಡು

ಮರಳು ಚಿಮ್ಮಿಸುವ ಗನ್ನಿನ ಮೂತಿ ನನ್ನ ಕಣ್ಣಿನಿಂದ ಒಂದೇ ಗೇಣು ದೂರದಲ್ಲಿತ್ತು!

ಕಬ್ಬಿಣದ ತುಕ್ಕನ್ನೇ ಕಿತ್ತೆಸೆಯುವ ಯಂತ್ರ. ನನ್ನ ಮುಖದ ಚರ್ಮ ಎಷ್ಟು ಹೊತ್ತು ತಡೆದೀತು, ನೀವೇ ಹೇಳಿ.

"ಇನ್ಶೂರೆನ್ಸ್ ಸಾಹೇಬ್ರ, ಕಬ್ಬೂರಾಗ ನನ್ನ ಶೆಡ್ಡಿನೊಳಗ ನಿಮ್ದೇನ್ರೀ ಕೆಲಸ?" ಎಂದ ರಾವಸಾಹೇಬ. ಸುತ್ತಲ ಆಸ್ಪತ್ರೆಗಳಿಗೆಲ್ಲ ಸೊಂಟದ ರಾಡು ಸಪ್ಲೈ ಮಾಡುವ ಆಸಾಮಿ. ನಗುನಗುತ್ತಲೇ ಕೇಳಿದ.

"ಅಕ್ಕುತಾಯಿ ರಾಡಿನ ವಿಚಾರ ಕೇಳಾಕ ಬಂದೀನಿ."

ನಗು ನಿಂತಿತು.

ನಾನು ಸಂಗ್ರಾಮ. ವಿಮಾ ಕಂಪನಿಯ ಕ್ಲೇಮುಗಳನ್ನು ತನಿಖೆ ಮಾಡುವವನು. ಸಂಶಯವೇ ನನ್ನ ಹೊಟ್ಟೆಪಾಡು. ಎರಡು ವರ್ಷದ ಹಿಂದೆ ನಿಪ್ಪಾಣಿ ಹೈವೇಯಲ್ಲಿ ಲಾರಿ ಗುದ್ದಿ ನನ್ನ ಸೊಂಟಕ್ಕೂ ರಾಡು ಬಿದ್ದಿದೆ. ಬಲಗಾಲು ಕುಂಟು.

ದಿಗ್ಗೇವಾಡಿಯ ಅಕ್ಕುತಾಯಿ ಸೊಂಟದ ಆಪರೇಷನ್ ಆಗಿ ಮೂರೇ ತಿಂಗಳಿಗೆ ನಂಜೇರಿ ಸತ್ತಿದ್ದಳು. ಮೂರನೇ ದಿನ ಬೂದಿಯಲ್ಲಿ ಎಲುಬು ಆರಿಸುವಾಗ ನಾನೂ ಕೃಷ್ಣೆಯ ದಂಡೆಯಲ್ಲಿದ್ದೆ. ಎಲುಬು ಹೊಳೆಗೆ ಹೋಯಿತು. ರಾಡನ್ನು ಮಗ ರಾಜಾರಾಮ ಬದಿಗಿಟ್ಟ.

"ಇದನ್ನ ಹೊಳಿಗೆ ಬಿಡಬಾರದ್ರೀ. ಸುಡುಗಾಡು ಕಾಯೂ ದುರಗಪ್ಪಗ ಕೊಡೂದು ನಮ್ಮ ಪದ್ಧತಿ."

ಬೂದಿ ಒರೆಸಿ, ಮೇಲೆ ಕೊರೆದಿದ್ದ ನಂಬರ್ ನೋಡಿದೆ. ಒಂದೊಂದು ರಾಡಿಗೂ ಬೇರೆಯದೇ ನಂಬರು. ಫೋನಿನಲ್ಲಿ ಹಳೆಯ ಫೈಲು ಹುಡುಕಿದೆ. ಅದೇ ನಂಬರು, ಹೋದ ವರ್ಷ ರಾಯಬಾಗದಲ್ಲಿ ತೀರಿಕೊಂಡ ಮುದುಕನ ಸೊಂಟದಲ್ಲಿತ್ತು.

ಒಂದು ರಾಡು... ಎರಡು ಚಿತೆ!

ದುರಗಪ್ಪನನ್ನು ಗದರಿಸಿದೆ. ರಾಡು ಕೊಳ್ಳುವ ರಾವಸಾಹೇಬನ ಹೆಸರು ಉದುರಿತು.

ಹೊಸ ರಾಡಿನ ಮೇಲೆ ಬಿಳಿ ಲೇಪ ಇರುತ್ತದೆ. ಎಲುಬಿನಲ್ಲಿರುವ ಖನಿಜದ್ದೇ ಲೇಪ. ಎಲುಬು ಅದನ್ನು ತನ್ನದೆಂದೇ ತಿಳಿದು ಬೆಳೆದು ಹಿಡಿಯುತ್ತದೆ. ಅದರಲ್ಲಿರುವ ಬೆಳ್ಳಿ ನಂಜನ್ನು ದೂರವಿಡುತ್ತದೆ. ಈ ಶೆಡ್ಡಿನಲ್ಲಿ ಸುಟ್ಟ ರಾಡಿಗೆ ಮರಳು ಹೊಡೆದು, ಮೇಲೆ ಬಿಳಿ ಬಣ್ಣ ಬಳಿದು ಹೊಸ ಪ್ಯಾಕೆಟ್ಟಿಗೆ ಹಾಕುತ್ತಿದ್ದರು! ನಂಬರ್ ಮಾತ್ರ ಹಾಗೇ ಬಿಡುತ್ತಿದ್ದರು. ನಂಬರಿಲ್ಲದ ರಾಡನ್ನು ಯಾವ ಡಾಕ್ಟರೂ ಮುಟ್ಟುವುದಿಲ್ಲ.

"ತಡಾ ಮಾಡಿದ್ರಿ," ಎಂದ ರಾವಸಾಹೇಬ. "ಇವತ್ತಿನ ಮಾಲ್ ಅಥಣಿಗೆ ಹೋಗೈತಿ. ಹನ್ನೊಂದಕ್ಕ ಅಲ್ಲಿ ಸೋನಾಬಾಯಿ ಅನ್ನೂ ಪೇಶಂಟ್ ಆಪರೇಷನ್!"

ಗಂಟೆ ಒಂಬತ್ತೂವರೆ.

ಗನ್ನಿಗೆ ಗಾಳಿ ಕೊಡುವ ಪೈಪು ನನ್ನ ಕಾಲ ಬಳಿಯೇ ಇತ್ತು. ಕುಂಟುಗಾಲಿನಿಂದಲೇ ಒದ್ದೆ. ಪೈಪು ಕಳಚಿ, ಬುಸುಗುಡುತ್ತ ಎಗರಿ ಅವನ ಮೊಣಕಾಲಿಗೆ ಬಡಿಯಿತು. ಕುಸಿದ. ನಾನು ಜೀಪು ಹತ್ತಿದೆ.

ಹಿಂದೆಯೇ ಅವನ ಬೊಲೆರೊ!

ಅಥಣಿಯ ಆಸ್ಪತ್ರೆಗೆ ಫೋನ್ ಮಾಡಿದೆ. "ಡಾಕ್ಟರ್ ಓಟಿ ಒಳಗ ಅದಾರ್ರೀ," ಎಂದು ಇಟ್ಟುಬಿಟ್ಟರು. ಡಾಕ್ಟರೂ ಇದರಲ್ಲಿ ಪಾಲುದಾರರೇ? ಯಾರನ್ನು ನಂಬಲಿ?

ಕುಡಚಿಯ ಹತ್ತಿರ ಎರಡು ಕಬ್ಬಿನ ಟ್ರ್ಯಾಕ್ಟರು, ಎದುರುಬದುರು. ನಡುವೆ ಜೀಪು ನುಗ್ಗಿಸಿದೆ. ಕನ್ನಡಿ ಮುರಿಯಿತು. ಬೊಲೆರೊ ಕಬ್ಬಿನ ಹೇರಿಗೆ ಗುದ್ದಿ ನಿಂತಿತು. ಪೊಲೀಸರಿಗೆ ತಿಳಿಸಿ ಮುಂದೆ ಓಡಿಸಿದೆ.

ಅಥಣಿ. ಹನ್ನೊಂದಕ್ಕೆ ಐದು ನಿಮಿಷ. ಓಟಿ ಬಾಗಿಲಲ್ಲಿ ಸ್ಟ್ರೆಚರ್ ಮೇಲೆ ಸೋನಾಬಾಯಿ.

"ಡಾಕ್ಟರೇನ್ರೀ? ಬಸದಿ ಮೆಟ್ಟಲಾ ಮತ್ತ ಹತ್ತಾಕ ಆಗತೈತಿಲ್ರೀ?"

ಒಳಗೆ ನುಗ್ಗಿ ಟ್ರಾಲಿಯ ಮೇಲಿದ್ದ ಪ್ಯಾಕೆಟ್ಟು ಹರಿದೆ.

"ಹುಚ್ಚು ಹಿಡದೈತೇನ್ರೀ?" ಡಾಕ್ಟರ್ ನೀಲಮ ಚೀರಿದರು. "ಸೀಲ್ ಒಡದ್ರ ಅದು ಕೆಲಸಕ್ಕ ಬರಂಗಿಲ್ಲ!"

"ಅದಕ್ಕ ಒಡದೀನಿ. ಉಗುರಿಲೆ ಕೆರೀರಿ."

ಕೆರೆದರು. ಬಿಳಿ ಪದರ ಸಿಪ್ಪೆಯಂತೆ ಎದ್ದು ಬಂತು. ನಿಜವಾದ ಲೇಪ ಉಗುರಿಗೆ ಜಗ್ಗುವುದಿಲ್ಲ.

ಡಾಕ್ಟರ್ ರಾಡನ್ನು ಟ್ರಾಲಿಗೆ ಎಸೆದರು. "ನಾಕ್ ಮಂದಿಗೆ ಇಂಥಾ ರಾಡ್ ಹಾಕೀನ್ರೀ... ಖರೇನ ಗೊತ್ತಿರಲಿಲ್ಲ."

ಕಣ್ಣೀರು ನಿಜವಿದ್ದಂತಿತ್ತು. ಆದರೂ ಅವರ ಹೆಸರನ್ನು ಡೈರಿಯಲ್ಲಿ ಬರೆದುಕೊಂಡೆ.

ಸಂಜೆ ಠಾಣೆಯಲ್ಲಿ ರಾವಸಾಹೇಬ ಬೇಡಿ ಹಾಕಿಕೊಂಡೇ ನಕ್ಕ.

"ಎರಡ್ ವರ್ಷ ಆತು, ಇನ್ನೂ ಕುಂಟಾಕತ್ತೀರಲ್ರೀ ಸಾಹೇಬ್ರ! ನಿಪ್ಪಾಣಿಯೊಳಗ ನಿಮಗ ಹಾಕಿದ ರಾಡ್ ಯಾರ ಅಂಗಡೀದ ನೋಡೀರೇನು?"

ಮನೆಗೆ ಬಂದು ಡಿಸ್ಚಾರ್ಜ್ ಕಾರ್ಡ್ ತೆಗೆದೆ. ರಾಡಿನ ನಂಬರಿದ್ದ ಸ್ಟಿಕ್ಕರಿನ ಕೆಳಗೆ ಅವನದೇ ಅಂಗಡಿಯ ಮೊಹರು. ನಂಬರನ್ನು ಹಳೆಯ ಫೈಲುಗಳಲ್ಲಿ ಹುಡುಕಿದೆ... ಸಿಕ್ಕಿತು. ಕಾಗವಾಡದ ಹೆಣ್ಣುಮಗಳು. ನನ್ನ ಆಪರೇಷನ್ನಿಗೆ ಎರಡು ತಿಂಗಳ ಮುಂಚೆ ಸತ್ತವಳು.

ಇಡೀ ಜಿಲ್ಲೆಯ ಮೇಲೆ ಸಂಶಯಪಟ್ಟವನು ನಾನು. ನನ್ನ ಬಲಗಾಲೊಂದನ್ನು ಬಿಟ್ಟು!