ಎಡಗಡೆ ಅಣ್ಣನದು

"ಮಿಂಚು ಬಂತು!" ಎಂದು ಚೂಟಿ ತನಗೆ ತಾನೇ ಕೂಗಿಕೊಂಡಳು.

ಟಿವಿಯ ಬಲಗಡೆ ಟ್ರಯಾಂಗಲ್ ಗುರುತು ಬೆಳಗಿತು. ವಿಡಿಯೋ ಗೇಮಿನ ಕಂಟ್ರೋಲರಿನಲ್ಲಿ ಅದೇ ಗುರುತಿನ ಬಟನ್ನನ್ನು ಅವಳ ಬಲಗೈ ಹೆಬ್ಬೆರಳು ಚಕ್ಕನೆ ಒತ್ತಿತು. ಆಮೇಲೆ ಸರ್ಕಲ್, ಅದನ್ನೂ ಒತ್ತಿದಳು. ಸ್ಕ್ವೇರ್, ಅದನ್ನೂ ಬಿಡಲಿಲ್ಲ. ಒಂದೂ ತಪ್ಪಾಗಲಿಲ್ಲ. ಆದರೂ ಮುರಿದ ಸೇತುವೆಗೆ ಜೋತುಬಿದ್ದಿದ್ದ ಬೋಳುತಲೆಯ ವೀರ ಕೈಬಿಟ್ಟು, ಕಿರುಚುತ್ತಾ ಕಣಿವೆಗೆ ಬಿದ್ದೇಬಿಟ್ಟ. ಕೆಳಗೆ ಗುಳುಂ ಅಂತ ಸದ್ದಾಯಿತು.

"ಥೂ! ಎಲ್ಲಾ ಸರಿಯಾಗೇ ಒತ್ತಿದ್ನಲ್ಲೋ, ಬೋಳ!"

ಅವಳ ಮಾತು ಕೇಳುವವರು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾಳೆ, ಬರುವುದು ದೀಪ ಹಚ್ಚಿದ ಮೇಲೆಯೇ. ಅಡುಗೆಮನೆಯಲ್ಲಿ ಫ್ರಿಜ್ಜು ಗುಂಯ್‌ಗುಡುತ್ತಿತ್ತು. ಹೊರಗೆ ಲಿಫ್ಟ್ ಕಿರ್ರೆನ್ನುತ್ತಾ ಮೇಲಕ್ಕೆ ಬಂತು. ಚೂಟಿ ಕಿವಿ ನಿಮಿರಿಸಿದಳು. ಅದು ಅವರ ಮಹಡಿಯಲ್ಲಿ ನಿಲ್ಲದೆ ಹಾಗೇ ಮೇಲೆ ಹೋಯಿತು.

ಮಿಂಚು ಅಂದರೆ ಏನು ಅಂತ ಹೇಳಿಬಿಡಬೇಕು. ಆಟದಲ್ಲಿ ಜೋರು ಹೊಡೆದಾಟ ನಡೆಯುತ್ತಿರುವಾಗ ಇದ್ದಕ್ಕಿದ್ದಂತೆ ಪರದೆಯ ಮೇಲೆ ಒಂದು ಗುರುತು ಹೊಳೆಯುತ್ತದೆ. ಅದರ ಸುತ್ತ ಒಂದು ಉಂಗುರ. ಉಂಗುರ ಸಣ್ಣದಾಗುತ್ತಾ ಬಂದು ಮಾಯವಾಗುವುದರೊಳಗೆ ಅದೇ ಗುರುತಿನ ಬಟನ್ ಒತ್ತಬೇಕು. ಕಣ್ಣು ಮಿಟುಕಿಸಿದರೆ ಕತೆ ಮುಗಿಯಿತು. ಇದಕ್ಕೆ ಕ್ವಿಕ್ ಟೈಮ್ ಅಂತ ಏನೋ ಹೆಸರಿದೆ. ಆದರೆ ಈ ಮನೆಯಲ್ಲಿ ಅಣ್ಣ ಇಟ್ಟ ಹೆಸರೇ ಹೆಸರು, ಮಿಂಚು.

ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಕಂಟ್ರೋಲರ್. ಬೇರೆ ಮನೆಯಲ್ಲಾಗಿದ್ದರೆ ಜುಟ್ಟು ಜುಟ್ಟು ಹಿಡಿದುಕೊಳ್ಳುತ್ತಿದ್ದರು. ಇವರು ಅದನ್ನು ಅರ್ಧ ಅರ್ಧ ಮಾಡಿಕೊಂಡಿದ್ದರು. ಸೋಫಾದ ಮೇಲೆ ಭುಜಕ್ಕೆ ಭುಜ ಅಂಟಿಸಿ ಕೂರುವುದು. ಎಡಗಡೆ ಅಣ್ಣನ ಕೈಯಲ್ಲಿ, ಬಲಗಡೆ ಚೂಟಿಯ ಕೈಯಲ್ಲಿ. ಓಡಿಸುವುದು, ತಪ್ಪಿಸಿಕೊಳ್ಳುವುದು ಅವನ ಕೆಲಸ. ಹೊಡೆಯುವುದು, ಮಿಂಚು ಹಿಡಿಯುವುದು ಇವಳ ಕೆಲಸ. ಅವಳ ಬೆರಳಿನ ಚುರುಕು ನೋಡಿಯೇ ಅಣ್ಣ ಚೂಟಿ ಅಂತ ಕರೆಯಲು ಶುರುಮಾಡಿದ್ದು. ಈಗ ಟೀಚರಿಗೂ ಅವಳು ಚೂಟಿಯೇ.

"ನೀನು ಬಲಗಡೆ ಮಾತ್ರ ನೋಡು. ಎಡಗಡೆ ನಾನು ನೋಡ್ಕೋತೀನಿ. ಎರಡೂ ಕಡೆ ನೋಡೋಕೆ ಹೋದ್ರೆ ಎರಡೂ ಕೆಟ್ಟೋಗುತ್ತೆ" ಎಂದು ಅಣ್ಣ ಕಟ್ಟುನಿಟ್ಟಾಗಿ ಹೇಳಿದ್ದ.

ಹಾಗಾಗಿ ಚೂಟಿಗೆ ಪರದೆಯ ಎಡಗಡೆ ಏನಿರುತ್ತದೆ ಎಂಬುದೇ ಗೊತ್ತಿರಲಿಲ್ಲ. ಈಗ ಎಡಗಡೆ ನೋಡಿದರೆ ಬಲಗಡೆ ತಪ್ಪುತ್ತಿತ್ತು, ಬಲಗಡೆ ನೋಡಿದರೆ ಬೋಳ ಬೀಳುತ್ತಿದ್ದ. ಎಡಗಡೆ ಮುಷ್ಟಿ ಕಟ್ಟಿದ ಕೈಯ ಚಿತ್ರವೊಂದು ಬರುತ್ತಿತ್ತು. ಅದು ಯಾವ ಬಟನ್ನೋ, ಏನು ಕರ್ಮವೋ!

ಅಣ್ಣ ಲಿಫ್ಟ್ ರಿಪೇರಿ ಕಲಿಯುವ ಕೋರ್ಸಿಗೆ ಸೇರಿ ದೂರದ ಊರಿನ ಹಾಸ್ಟೆಲಿಗೆ ಹೋಗಿದ್ದ. ಸೀಟು ಸಿಕ್ಕಿದ ವಾರದಿಂದಲೇ ಇಬ್ಬರೂ ಈ ಸೇತುವೆಯಲ್ಲಿ ಸಿಕ್ಕಿಬಿದ್ದಿದ್ದರು. ಎಷ್ಟು ಸಲ ಆಡಿದರೂ ಬೋಳ ಬೀಳುತ್ತಿದ್ದ. ಹೊರಡುವ ಹಿಂದಿನ ಸಂಜೆಯೂ ಬಿದ್ದ. ಮಾರನೆಯ ದಿನ ಅಣ್ಣ ಶಿಳ್ಳೆ ಹಾಕಿಕೊಂಡು ಬ್ಯಾಗಿಗೆ ಬಟ್ಟೆ ತುಂಬಿದ, ಚೂಟಿಯ ತಲೆಗೊಂದು ಮೊಟಕಿದ, ಹೊರಟುಹೋದ. ಅಷ್ಟು ಖುಷಿ ಅವನಿಗೆ!

ಹಾಸ್ಟೆಲಿನಲ್ಲಿ ಭಾನುವಾರ ಮಾತ್ರ ಫೋನ್. ಹೋದ ಭಾನುವಾರ ಅವನ ಹಿಂದೆ ಯಾರೋ ಹುಡುಗರು ಬಿದ್ದೂ ಬಿದ್ದೂ ನಗುತ್ತಿದ್ದರು. ಅಣ್ಣನೂ ನಗುತ್ತಲೇ ಮಾತಾಡಿದ. "ಸೇತುವೆನಾ? ಬೇಕಾದ್ರೆ ನೀನೇ ಮುಗಿಸ್ಕೊಂಡ್‌ಬಿಡೇ. ನಾನ್ಯಾವಾಗ ಬರ್ತೀನೋ ಏನೋ" ಎಂದುಬಿಟ್ಟ.

ಆ ಮಾತು ಚೂಟಿಯ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಸರಿ, ಮುಗಿಸಿಯೇ ತೀರುತ್ತೇನೆ, ಎಂದುಕೊಂಡಳು. ಬರುವ ಭಾನುವಾರ ಅವನು ಫೋನ್ ಮಾಡಿದಾಗ, "ಮುಗೀತು ಕಣೋ, ನೀನೇನೂ ಬೇಕಾಗಲಿಲ್ಲ" ಎಂದು ಹೇಳಿ ಟಪ್ಪನೆ ಫೋನಿಟ್ಟುಬಿಡಬೇಕು. ಹೇಗೆ ಹೇಳುವುದು ಅಂತ ಸ್ನಾನ ಮಾಡುವಾಗ ಪ್ರಾಕ್ಟೀಸ್ ಕೂಡ ಮಾಡಿದ್ದಳು.

ಆದರೆ ಬೋಳ ಬೀಳುತ್ತಲೇ ಇದ್ದ. ಶುಕ್ರವಾರವೂ ಬಂತು.

ಕ್ಲಾಸಿನಲ್ಲಿ ಬಡಾಯಿ ಅಂತ ಒಬ್ಬನಿದ್ದಾನೆ. ಅವನ ಮಾತು ಕೇಳಿದರೆ ಚಂದ್ರಲೋಕಕ್ಕೆ ಹೋಗಿ ಬಂದವರಲ್ಲಿ ಅವನೂ ಒಬ್ಬ. ಬೇರೆ ದಿನವಾಗಿದ್ದರೆ ಚೂಟಿ ಅವನನ್ನು ಏನೂ ಕೇಳುತ್ತಿರಲಿಲ್ಲ. ಅವತ್ತು ಊಟದ ಬೆಲ್ಲಾದ ಕೂಡಲೇ ಅವನ ಬೆಂಚಿಗೆ ಹೋಗಿ ನಿಂತಳು.

"ಬೋಳುತಲೆ ಗೇಮ್ ಆಡಿದ್ದೀಯಾ? ಸೇತುವೆ?"

"ಅದಾ? ಎಡಗೈಯಲ್ಲಿ ಆಡ್ತೀನಿ."

"ಬಡಾಯಿ ಕೊಚ್ಚಬೇಡ. ನಿಜ ಹೇಳು."

"ಬಡಾಯಿ ಅಲ್ಲ ಮಾರಾಯ್ತಿ, ಗೇಮಲ್ಲೇ ಅತಿ ಈಸಿ ಜಾಗ ಅದು. ಮುಷ್ಟಿ ಬರುತ್ತಲ್ಲ, ಕಂಟ್ರೋಲರ್ ಹಿಂದೆ ಎಡಗಡೆ ಬಟನ್ ಇದೆ ನೋಡು, ಅದನ್ನ ಒತ್ತಿ ಹಿಡ್ಕೊಂಡಿರೋದು. ಅಷ್ಟೇ."

"ಬರೀ ಹಿಡ್ಕೊಂಡಿರೋದಾ?"

"ಬಿಡಬಾರದು ಅಷ್ಟೇ. ಬಿಟ್ರೆ ಗುಳುಂ! ನನ್ನ ತಂಗಿ ಇನ್ನೂ ಎಲ್‌ಕೆಜಿ, ಅವಳೂ ಹಿಡ್ಕೋತಾಳೆ. ಕಷ್ಟ ಇರೋದು ಬಲಗಡೆ." ಬಡಾಯಿ ಡಬ್ಬಿಯ ಮುಚ್ಚಳ ತೆಗೆದ. "ದಾಟಿದ್ಮೇಲೆ ಏನೂ ಇಲ್ಲ, ತಿಳ್ಕೋ. ಗೇಮ್ ಓವರ್. ಒಂದು ಮ್ಯೂಸಿಕ್ ಬರುತ್ತೆ, ಹೆಸರುಗಳು ಮೇಲಕ್ಕೆ ಹೋಗುತ್ವೆ."

ಚೂಟಿಗೆ ಮೊದಲು ಬಂದದ್ದು ಸಿಟ್ಟು. ಎಲ್‌ಕೆಜಿ ಮಗು ಮಾಡುವ ಕೆಲಸ ಅಣ್ಣನಿಂದ ಆಗಲಿಲ್ಲವಾ? ಅಷ್ಟು ದಿನ ತನ್ನ ಬೆರಳು ಸವೆದದ್ದೇ ಬಂತು! ಭಾನುವಾರ ಇದನ್ನೂ ಸೇರಿಸಿ ಹೇಳಬೇಕು. "ದಂಡಪಿಂಡ ಅಂತ ಹೇಳ್ತೀನಿ" ಎಂದು ಗೊಣಗುತ್ತಾ ಸಂಜೆ ಮನೆಗೆ ಬಂದಳು. ಶೂ ಬಿಚ್ಚಿ ಮೂಲೆಗೆ ಎಸೆದಳು. ಅಮ್ಮ ಮುಚ್ಚಿಟ್ಟಿದ್ದ ತಿಂಡಿಯ ಕಡೆ ತಿರುಗಿಯೂ ನೋಡದೆ ಸೋಫಾಕ್ಕೆ ಹೋದಳು.

ಸೋಫಾದಲ್ಲಿ ಎಡಗಡೆಯ ದಿಂಬು ಅಣ್ಣ ಕೂತೂ ಕೂತೂ ತಗ್ಗಾಗಿತ್ತು. ಚೂಟಿ ಅಲ್ಲಿ ಕೂರಲಿಲ್ಲ, ತನ್ನ ಜಾಗದಲ್ಲೇ ಕೂತಳು.

ಬೋಳ ಓಡಿದ. ಸೇತುವೆ ಮುರಿಯಿತು. ಮುಷ್ಟಿ ಬಂತು. ಚೂಟಿ ಎಡಗೈ ಬೆರಳಿನಿಂದ ಹಿಂದಿನ ಬಟನ್ ಒತ್ತಿ ಹಿಡಿದಳು. ಬೋಳ ಹಗ್ಗ ಹಿಡಿದುಕೊಂಡ. ಬೀಳಲಿಲ್ಲ! ಟ್ರಯಾಂಗಲ್. ಸರ್ಕಲ್. ಸ್ಕ್ವೇರ್. ಅವಳ ಬಲಗೈ ಎಂದಿನಂತೆ ಒಂದನ್ನೂ ಬಿಡಲಿಲ್ಲ. ಬೋಳ ಒಂದೊಂದೇ ಹಲಗೆ ಹತ್ತಿ ತುದಿಗೆ ಬಂದ.

ಆಗ ಕೊನೆಯ ಗುರುತು ಬಂತು, ಕ್ರಾಸ್. ಇದೊಂದಕ್ಕೆ ಮಾತ್ರ ಉಂಗುರವೇ ಇರಲಿಲ್ಲ. ಅವಸರವೂ ಇರಲಿಲ್ಲ. ಬೋಳ ನೇತಾಡುತ್ತಾ ಕಾಯುತ್ತಿದ್ದ. ಗಾಳಿಗೆ ಹಗ್ಗ ಅತ್ತಿತ್ತ ತೂಗುತ್ತಿತ್ತು.

"ಇಷ್ಟೇನಾ?" ಎಂದಳು ಚೂಟಿ.

ಅಣ್ಣ ಎಂಥ ಆಟಗಾರ ಅಂತ ಅವಳಿಗೆ ಗೊತ್ತಿಲ್ಲವಾ? ಬೆಂಕಿ ಉಗುಳುವ ರಾಕ್ಷಸರ ಮಧ್ಯೆ ಆಕಳಿಸುತ್ತಾ ಬೋಳನನ್ನು ಓಡಿಸುತ್ತಿದ್ದವನು ಅವನು. ಒಂದು ಬಟನ್ ಹಿಡಿದುಕೊಂಡಿರಲು ಅವನಿಗೆ ಬರುತ್ತಿರಲಿಲ್ಲವಾ? ಪ್ರತಿ ಸಂಜೆಯೂ ಅವನು ಹೇಳುತ್ತಿದ್ದದ್ದು ನೆನಪಾಯಿತು. "ಅಯ್ಯೋ, ಬೆರಳು ಜಾರಿಬಿಡ್ತು ಕಣೇ. ನಂದೇ ತಪ್ಪು. ನಾಳೆ ನೋಡೋಣ." ಮಾರನೆಯ ದಿನವೂ ಅದೇ. "ನಂದೇ ತಪ್ಪು. ನಾಳೆ ನೋಡೋಣ."

ಸೀಟು ಸಿಕ್ಕಿದ ವಾರದಿಂದ.

ಅಣ್ಣನ ಬೆರಳು ಜಾರಿರಲಿಲ್ಲ. ಅವನೇ ಬಿಟ್ಟಿದ್ದ. ದಾಟಿದರೆ ಆಟ ಮುಗಿಯುತ್ತದೆ ಅಂತ ಅವನಿಗೆ ಗೊತ್ತಿತ್ತು. ಶಿಳ್ಳೆ ಹಾಕಿಕೊಂಡು ಬಟ್ಟೆ ತುಂಬಿದ ಅಣ್ಣನಿಗೂ ಹೋಗಲು ಮನಸ್ಸಿರಲಿಲ್ಲ.

ಅವಳ ಬಲಗೈ ಹೆಬ್ಬೆರಳು ಕ್ರಾಸ್ ಬಟನ್ನಿನ ಮೇಲೇ ಇತ್ತು. ಮೆಲ್ಲಗೆ ಒತ್ತಿದರೆ ಸಾಕು, ಎಲ್ಲ ಮುಗಿಯುತ್ತಿತ್ತು. ಬೋಳ ಅವಳನ್ನೇ ನೋಡುತ್ತಿದ್ದ ಹಾಗಿತ್ತು.

"ಸಾರಿ ಕಣೋ, ಬೋಳ" ಎಂದು ಚೂಟಿ ಎಡಗೈ ಬೆರಳನ್ನು ಎತ್ತಿದಳು.

ಗುಳುಂ.

ಅಮ್ಮ ಬಂದಾಗ ಟಿವಿ ಆಫಾಗಿತ್ತು. ಅವಳ ಕೈಯಿಂದ ಲಾಂಡ್ರಿಯ ಸೋಪಿನ ವಾಸನೆ ಬರುತ್ತಿತ್ತು. "ಯಾಕೆ ಮರಿ, ಕತ್ತಲಲ್ಲಿ ಕೂತಿದ್ದೀಯಾ? ಗೇಮ್ ಆಡ್ಲಿಲ್ವಾ?" ಎಂದಳು.

"ಆಡಿದೆ. ಅಮ್ಮಾ, ಅಣ್ಣಂಗೆ ಹಾಸ್ಟೆಲಲ್ಲಿ ಬೇಜಾರಾಗುತ್ತಾ?"

ಅಮ್ಮ ಚಪ್ಪಲಿ ಬಿಡುತ್ತಿದ್ದವಳು ನಿಂತಳು. "ನಿನ್ನ ಹತ್ರ ಹೇಳ್ಬೇಡ ಅಂದಿದ್ದಾನೆ. ಮೊದಲನೇ ವಾರ ವಾರ್ಡನ್ ಫೋನಿಂದ ನಂಗೆ ದಿನಾ ಮಾಡ್ತಿದ್ದ" ಎಂದಳು. ಆಮೇಲೆ ಚೂಟಿಯ ಪಕ್ಕ ಬಂದು ಕೂತಳು. ಇಬ್ಬರೂ ತುಂಬಾ ಹೊತ್ತು ದೀಪ ಹಾಕಲಿಲ್ಲ.

ಭಾನುವಾರ ಫೋನ್ ಬಂತು. ಹಿಂದೆ ಅದೇ ಹುಡುಗರ ನಗು. ಅಣ್ಣ ಅದೂ ಇದೂ ಮಾತಾಡಿದ. ಲಿಫ್ಟಿನ ಮೋಟಾರು ಬಿಚ್ಚಿ ಜೋಡಿಸಿದ್ದು ಹೇಳಿದ. ಆಮೇಲೆ ಅದೇನು ಮಹಾ ಎನ್ನುವವನ ಹಾಗೆ ಕೇಳಿದ, "ಸೇತುವೆ ಏನಾಯ್ತೇ? ದಾಟಿಬಿಟ್ಯಾ?"

ಸ್ನಾನ ಮಾಡುವಾಗ ಪ್ರಾಕ್ಟೀಸ್ ಮಾಡಿದ ಮಾತು ಚೂಟಿಯ ನಾಲಿಗೆಗೆ ಬರಲಿಲ್ಲ.

"ಇಲ್ಲ ಕಣೋ. ಬಿದ್ದೋದ."

"ಎಲ್ಲಿ ತಪ್ಪಾಯ್ತು?"

"ಬಲಗಡೆ ಎಲ್ಲಾ ಸರಿಯಾಗೇ ಒತ್ತಿದೆ. ಎಡಗಡೆ ಬೆರಳು ಜಾರಿಬಿಡ್ತು."

ಆ ಕಡೆ ಹುಡುಗರ ನಗು ದೂರವಾಯಿತು. ಅಣ್ಣ ಫೋನ್ ಹಿಡಿದುಕೊಂಡು ಎಲ್ಲೋ ಹೊರಗೆ ಬಂದಿರಬೇಕು.

"ಎಡಗಡೆ ಸ್ವಲ್ಪ ಕಷ್ಟ ಕಣೇ, ಚೂಟಿ" ಎಂದ. ಅವನ ದನಿ ಒಂಥರಾ ಇತ್ತು.

"ಹೂಂ, ತುಂಬಾ ಕಷ್ಟ" ಎಂದಳು ಚೂಟಿ. "ನೀನು ಬಂದಾಗ ನೋಡೋಣ."

ಫೋನಿಟ್ಟ ಮೇಲೆ ಅವಳು ಕಂಟ್ರೋಲರನ್ನು ಸೋಫಾದ ಮೇಲೆ, ತನ್ನ ಜಾಗಕ್ಕೂ ಆ ತಗ್ಗಾದ ದಿಂಬಿಗೂ ನಡುವೆ ಇಟ್ಟಳು.