ಲೆನ್ಸಿನ ಮುಚ್ಚಳ

ನನ್ನದು ತೀರಾ ಸಾಧಾರಣ ಡಿಜಿಟಲ್ ಕ್ಯಾಮೆರಾ. ಆ ರಾತ್ರಿ ಅದನ್ನು ತಾರಸಿಯ ಮೇಲೆ ಸ್ಟ್ಯಾಂಡಿಗೆ ಕೂರಿಸಿ, ಕೆಳಗಿನ ಖಾಲಿ ಬೀದಿಯ ಫೋಟೊ ತೆಗೆಯುತ್ತಿದ್ದೆ. ಒಂದೊಂದಕ್ಕೂ ಮೂವತ್ತು ಸೆಕೆಂಡು. ಅಷ್ಟು ಹೊತ್ತಿನಲ್ಲಿ ನಡೆದುಹೋದವರು ಫೋಟೊದಲ್ಲಿ ಮೂಡುವುದೇ ಇಲ್ಲ. ನಿಂತವರು ಕೂಡ ಉಸಿರಾಡುವಷ್ಟಕ್ಕೇ ಮಸುಕಾಗುತ್ತಾರೆ.

ಮೊದಲನೆಯದರಲ್ಲಿ ದೀಪದ ಕಂಬದ ಕೆಳಗೆ ಒಬ್ಬ ನಿಂತಿದ್ದ. ಅಂಗಿಯ ಗುಂಡಿಗಳನ್ನು ಎಣಿಸಬಹುದು, ಅಷ್ಟು ಸ್ಪಷ್ಟ. ಮುಖ ಮಾತ್ರ ನೆರಳಿನಲ್ಲಿತ್ತು. ಬಗ್ಗಿ ನೋಡಿದರೆ ಬೀದಿಯಲ್ಲಿ ಯಾರೂ ಇಲ್ಲ. ಎರಡನೆಯದರಲ್ಲಿ ಅವನು ನಮ್ಮ ಗೇಟಿನ ಬಳಿ ಇದ್ದ.

ನನ್ನ ಅನುಮಾನ ಅಕ್ಕನ ಗಂಡನ ಮೇಲೆ. ಇಂಥ ಕಿತಾಪತಿಯಲ್ಲಿ ಭಾವ ಎತ್ತಿದ ಕೈ. ಲೆನ್ಸಿಗೆ ಇಬ್ಬನಿ ಕೂರದಿರಲೆಂದು ಮುಚ್ಚಳ ಹಾಕಿ, ಫೋನ್ ಮಾಡಿದೆ.

"ಭಾವ, ಕೆಳಗೆ ನಿಂತು ಆಟ ಆಡ್ತಿದ್ದೀರಾ?"

"ಮಲಗಿದ್ದವನನ್ನ ಎಬ್ಬಿಸಿ ಆಟ ಅಂತೀಯಲ್ಲ, ನಿನಗೇನು ಬಂದಿದೆ?"

"ಹಾಗಾದ್ರೆ ಮೇಲೆ ಬನ್ನಿ. ನನ್ನ ಕಣ್ಣೆದುರೇ ಕೂತಿರಿ."

ಗೊಣಗುತ್ತಾ ಬಂದು ನೀರಿನ ಟ್ಯಾಂಕಿಗೆ ಒರಗಿ ಕೂತರು. ನಾನು ಬಟನ್ ಒತ್ತಿದೆ. ಮೂವತ್ತು ಸೆಕೆಂಡೂ ಅವರ ಮೇಲಿಂದ ಕಣ್ಣು ತೆಗೆಯಲಿಲ್ಲ. ಅವರು ಎರಡು ಸಲ ಆಕಳಿಸಿದರು, ಅಷ್ಟೇ.

ಫೋಟೊ ಬಂತು. ಬೀದಿ ಇಲ್ಲ, ದೀಪ ಇಲ್ಲ, ಗೇಟಿಲ್ಲ. ಬರೀ ಕಪ್ಪು. ಅದರ ನಡುವೆ ಆ ಅಂಗಿಯ ಎರಡು ಗುಂಡಿಗಳು, ಕೈ ಚಾಚಿದರೆ ಸಿಗುವಷ್ಟು ಹತ್ತಿರ.

ಭಾವ ಇಣುಕಿ ನೋಡಿ, "ಮುಚ್ಚಳ ತೆಗೆಯೋದನ್ನೇ ಮರೆತಿದ್ದೀಯಲ್ಲೋ" ಎಂದರು.

ನಿಜ, ಮರೆತಿದ್ದೆ. ಈಗ ತೆಗೆದೆ. ಮುಚ್ಚಳದ ಹೊರಮೈ ತಣ್ಣಗಿತ್ತು, ಒಣಗಿತ್ತು. ಒಳಗಡೆ ಬೆಚ್ಚಗೆ ತೇವವಾಗಿತ್ತು, ಯಾರೋ ಹತ್ತಿರದಿಂದ ಉಸಿರು ಬಿಟ್ಟ ಹಾಗೆ.